ಥ್ಯಾಂಕ್ಸ್ ಕಾಲಂ ತೆಗೆದ ಮೇಲೆ: ನಿವೃತ್ತ ಕಂಡಕ್ಟರ್ ಒಬ್ಬರ ಪ್ರಕರಣ

ಇದು ಹಳೇ ಮೈಸೂರು ಭಾಗದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಡೆದ ಪ್ರಕರಣ. ನಾನು ಅಲ್ಲಿ ಆಪ್ತಸಮಾಲೋಚಕಿ. ಗುರುತು ಸಿಗಬಾರದು ಅಂತ ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರೂ ಅವರ ಹೆಂಡತಿಯೂ ಒಪ್ಪಿದ್ದಾರೆ. ಊರಲ್ಲಿ ಅವರನ್ನು ಇವತ್ತಿಗೂ ಕಂಡಕ್ಟ್ರು ಅಂತಲೇ ಕರೆಯುತ್ತಾರೆ. ಇಲ್ಲೂ ಹಾಗೇ ಇರಲಿ.

ದಿನಕ್ಕೊಂದು ಸಣ್ಣ ಉಪಕಾರ ಮಾಡಿ, ಮನಸ್ಸು ಹಗುರಾಗುತ್ತದೆ ಅನ್ನುವ ಸಲಹೆ ಈಗ ಎಲ್ಲ ಕಡೆ ಓಡಾಡುತ್ತಿದೆ. ಸಲಹೆ ಸುಳ್ಳಲ್ಲ. ಆದರೆ ಕಂಡಕ್ಟ್ರ ವಿಷಯದಲ್ಲಿ ಅದೇ ಸಲಹೆ ಮೊದಲು ಕೆಡಿಸಿತು, ಆಮೇಲೆ ಕೈಹಿಡಿಯಿತು. ನಡುವೆ ಏನು ಬದಲಾಯಿತು ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಬಸ್ಸಿನಲ್ಲಿ ದುಡಿದವರು. ಜಾಸ್ತಿ ಕಾಲ ಹಳ್ಳಿ ರೂಟುಗಳಲ್ಲೇ. ಬೆಳಗಿನ ಜಾವ ಡಿಪೊ ಸೇರಬೇಕು, ರಾತ್ರಿ ಯಾವುದೋ ಹಳ್ಳಿಯಲ್ಲಿ ನೈಟ್ ಹಾಲ್ಟ್. ಬಸ್ಸಿನ ಸೀಟಿನ ಮೇಲೆ, ಇಲ್ಲವೇ ದೇವಸ್ಥಾನದ ಜಗಲಿ ಮೇಲೆ ನಿದ್ದೆ. ಯಾವುದೋ ಮನೆಯಿಂದ ಮುದ್ದೆ, ಸಾರು ಬರುತ್ತಿತ್ತು. ಯಾರ ಮನೆ ಮಗಳಿಗೆ ಹೆರಿಗೆಯಾಯಿತು, ಯಾರ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು.

ಕೊನೆಯ ವರ್ಷ ಕಷ್ಟದ್ದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಬಸ್ಸು ತುಂಬಿ ತುಳುಕಿತು. ಒಬ್ಬೊಬ್ಬರ ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದು ಕೊಡಬೇಕು. ಸುಸ್ತಾಗಿ ಬೈದುಕೊಳ್ಳುತ್ತಿದ್ದರು. ಆದರೂ ಆ ವರ್ಷದ ಬಗ್ಗೆ ಮಾತಾಡುವಾಗಲೇ ಅವರ ಮುಖದಲ್ಲಿ ಜೀವ ಬರುತ್ತಿತ್ತು. ಇದನ್ನು ನಾನು ಫೈಲಿನಲ್ಲಿ ಬರೆದಿಟ್ಟುಕೊಂಡೆ. ಆಮೇಲೆ ಉಪಯೋಗಕ್ಕೆ ಬಂತು.

60 ತುಂಬಿದಾಗ ನಿವೃತ್ತಿ. ಶಾಲು, ಹಾರ, ಒಂದು ಗೋಡೆ ಗಡಿಯಾರ. ಮನೆಯಲ್ಲಿ ಹೆಂಡತಿ, ಹಾಸಿಗೆ ಹಿಡಿದ ಅವರ ತಾಯಿ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮಗ ಬೇರೆ ಊರಲ್ಲಿ, ಮಾತುಕತೆ ಅಷ್ಟಕ್ಕಷ್ಟೆ.

ಏನಾಗಿತ್ತು

ಅವರು ಮನಸ್ಸು ಸರಿಯಿಲ್ಲ ಅಂತ ಬಂದವರಲ್ಲ. ಎದೆ ಭಾರ, ಗ್ಯಾಸ್, ಸೊಂಟ ನೋವು ಅಂತ ಬಂದರು. ನಮ್ಮ ಕಡೆ ಬೇಸರ ಮೊದಲು ಮೈಯಲ್ಲೇ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಹೆಸರು ಕೊಡುವುದು ಕೊನೆಗೆ. ಇಸಿಜಿ ಸರಿ ಇತ್ತು. ಸಕ್ಕರೆ, ಥೈರಾಯ್ಡ್ ಸರಿ ಇತ್ತು. ಮೂರನೇ ಸಲ ಅದೇ ದೂರು ಹೇಳಿದಾಗ ಹೊರರೋಗಿ ವಿಭಾಗದ ಡಾಕ್ಟರು ಅವರನ್ನು ಮಂಗಳವಾರದ ಕ್ಲಿನಿಕ್‌ಗೆ ಕಳಿಸಿದರು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುತ್ತಾರೆ. ಕಂಡಕ್ಟ್ರು ಬಾಗಿಲಲ್ಲೇ ನಿಂತು, "ನಂಗೇನ್ ತಲೆ ಕೆಟ್ಟಿಲ್ಲ ಮೇಡಂ" ಅಂದರು. ಕೂತುಕೊಳ್ಳಲು ಅವತ್ತು ಒಪ್ಪಲಿಲ್ಲ. ನಿಂತೇ ಮಾತಾಡಿದರು.

ಬೆಳಗಿನ ಜಾವ ಮೂರೂವರೆಗೆ ಎಚ್ಚರ. ಡ್ಯೂಟಿ ಇದ್ದಾಗಿನ ಹೊತ್ತು. ಆಮೇಲೆ ನಿದ್ದೆ ಇಲ್ಲ. ಹೊತ್ತು ಹುಟ್ಟುವವರೆಗೂ ಮಾಡು ನೋಡುತ್ತಾ ಮಲಗಿರುವುದು. ಊಟ ಸೇರದು. ಬಸ್‌ಸ್ಟ್ಯಾಂಡ್ ಕಡೆ ಹೋಗುವುದನ್ನೇ ಬಿಟ್ಟಿದ್ದರು. ಮದುವೆ, ಗೃಹಪ್ರವೇಶಕ್ಕೂ ಹೆಂಡತಿ ಒಬ್ಬರೇ. ಟಿವಿ ಸೌಂಡ್ ಜಾಸ್ತಿಯಾದರೆ ರೇಗುವುದು, ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ದೂಡಿ ಎದ್ದುಹೋಗುವುದು.

ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪ್ರಶ್ನಾವಳಿ ಬಳಸುತ್ತೇವೆ. ಹಿಂದಿನ ಎರಡು ವಾರ ಹೇಗಿತ್ತು ಅನ್ನುವ 9 ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. ಅವರಿಗೆ 15 ಬಂತು. ಸಾಧಾರಣ ಬೇಸರದ ಗಡಿ ದಾಟಿತ್ತು ಅಂತ ಅರ್ಥ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. "ಬದುಕಿ ಏನ್ ಮಾಡ್ಬೇಕು ಅನ್ಸುತ್ತೆ, ಆದ್ರೆ ಹಂಗೇನೂ ಮಾಡ್ಕೊಳಲ್ಲ" ಅಂದರು. ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಮಾತಾಡಿದೆವು, ರಾತ್ರಿ ಹೊತ್ತಿಗೂ ಕನ್ನಡದಲ್ಲಿ ಮಾತಾಡುವವರು ಸಿಗುವ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆವು.

ಮೊದಲ ತಿಂಗಳುಗಳು

ಮನೋವೈದ್ಯರು ಮಾತ್ರೆ ಶುರು ಮಾಡಿದರು. ಇದನ್ನು ಮೊದಲೇ ಹೇಳಿಬಿಡಬೇಕು. ಈ ಪ್ರಕರಣದಲ್ಲಿ ಸುಧಾರಣೆಯ ಒಂದು ಪಾಲು ಮಾತ್ರೆಯದು. ಉಪಕಾರ ಮಾಡಿದರೆ ಸಾಕು, ಮಾತ್ರೆ ಬೇಡ ಅಂತ ಯಾರಾದರೂ ಇದನ್ನು ಓದಿ ಅಂದುಕೊಂಡರೆ ಅಪಾಯ.

ಆರು ವಾರಕ್ಕೆ ಅಂಕ 11ಕ್ಕೆ ಇಳಿಯಿತು. ಊಟ ಸ್ವಲ್ಪ ಸೇರಿತು, ನಿದ್ದೆ ನಾಲ್ಕೂವರೆವರೆಗೂ ಬಂತು. ಅಲ್ಲಿಗೆ ನಿಂತಿತು. ಮೈ ಸುಧಾರಿಸಿತು, ಮನುಷ್ಯ ಮಾತ್ರ ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

ವಾಕಿಂಗ್ ಹೇಳಿದ್ದೆವು. ಹೋದರು. ಒಬ್ಬರೇ, ಕೆರೆ ಏರಿ ಮೇಲೆ, ತಲೆ ತಗ್ಗಿಸಿಕೊಂಡು. ಮನೆಯಲ್ಲಿ ಕೂತು ಯೋಚಿಸುತ್ತಿದ್ದನ್ನೇ ನಡೆಯುತ್ತಾ ಯೋಚಿಸಿ ವಾಪಸು ಬಂದರು. ಮನಸ್ಸಿಗೆ ಬರುವ ಕೆಟ್ಟ ಯೋಚನೆ ಬರೆದು, ಅದು ಎಷ್ಟು ನಿಜ ಅಂತ ಪರೀಕ್ಷಿಸುವ ಹಾಳೆ ಕೊಟ್ಟೆವು. ಮುತ್ತಿನಂಥ ಅಕ್ಷರದಲ್ಲಿ ಪ್ರತಿ ದಿನ "ಎಲ್ಲಾ ಸರಿ ಇದೆ" ಅಂತ ಬರೆದು ತಂದರು. ಬರೆಯುವುದು ಅವರಿಗೆ ಮೇಲಧಿಕಾರಿಗೆ ಕೊಡುವ ಲೆಕ್ಕ. ಅದರಲ್ಲಿ ತಪ್ಪು ಕಾಣಬಾರದು, ಅಷ್ಟೆ.

ಮಗಳು ಕಳಿಸಿದ ಚಾರ್ಟು

ಅಷ್ಟರಲ್ಲಿ ಬೆಂಗಳೂರಿನ ಮಗಳು ವಾಟ್ಸಾಪ್‌ನಲ್ಲಿ ಒಂದು ಚಾರ್ಟು ಕಳಿಸಿದಳು. ಮೂವತ್ತು ದಿನ, ಮೂವತ್ತು ಒಳ್ಳೆ ಕೆಲಸ. ಅಪರಿಚಿತರಿಗೆ ಟೀ ಕೊಡಿಸಿ. ಬೀದಿ ನಾಯಿಗೆ ಬಿಸ್ಕತ್ತು ಹಾಕಿ. ಮೂರು ಜನರನ್ನು ಹೊಗಳಿ. ಕಳಕಳಿಯಿಂದಲೇ ಕಳಿಸಿದ್ದಳು, ಅಪ್ಪನೂ ಬೇಡ ಅನ್ನಲಿಲ್ಲ.

ಕಂಡಕ್ಟ್ರು ಒಂದು ಉದ್ದ ನೋಟ್‌ಬುಕ್ ತಂದು ಗೆರೆ ಎಳೆದರು. ಕ್ರಮಸಂಖ್ಯೆ, ಸಮಯ, ಸ್ಥಳ, ಯಾರಿಗೆ, ಏನು, ಖರ್ಚು. ಕೊನೆಗೆ ಒಂದು ಕಾಲಂ: ಥ್ಯಾಂಕ್ಸ್ ಹೇಳಿದರೋ ಇಲ್ಲವೋ. ಡ್ಯೂಟಿಯಲ್ಲಿ ವೇಬಿಲ್ ಬರೆದ ಕೈ ಅದು, ಟಿಕೆಟ್ಟಿಗೂ ದುಡ್ಡಿಗೂ ತಾಳೆ ಬೀಳಬೇಕು. ನಾನು ನೋಡಿದಾಗ ಆ ಕಾಲಂನಲ್ಲಿ ಅರ್ಧಕ್ಕಿಂತ ಜಾಸ್ತಿ "ಇಲ್ಲ" ಇತ್ತು.

ಆ ತಿಂಗಳು ನಡೆದದ್ದರಲ್ಲಿ ಎರಡು ಘಟನೆ ಹೇಳಬೇಕು. ಕಾಲೇಜು ಹುಡುಗನೊಬ್ಬನಿಗೆ ಗಾಡಿಯಲ್ಲಿ ಡ್ರಾಪ್ ಕೊಟ್ಟರು. ಅವನು ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ಇಳಿದು ಹೋದ. ಕಂಡಕ್ಟ್ರು ಕೂಗಿ ವಾಪಸು ಕರೆದು, ನಡುರಸ್ತೆಯಲ್ಲಿ ಸಂಸ್ಕಾರದ ಪಾಠ ಮಾಡಿದರು. ಜನ ಸೇರಿದರು.

ಇನ್ನೊಂದು ಹೂ ಮಾರುವ ಹೆಂಗಸಿನದು. ಸಂಜೆ ಬುಟ್ಟಿಯಲ್ಲಿ ಎರಡು ಮೊಳ ಹೂ ಉಳಿದಿತ್ತು. ಇವರು ಐವತ್ತು ರೂಪಾಯಿ ಕೊಟ್ಟು, "ಹೂ ಬೇಡ, ದುಡ್ಡು ಇಟ್ಕೊ" ಅಂದರು. ಆಕೆ ನೋಟು ವಾಪಸು ಹಿಡಿದು, "ಹೂ ಬೇಕಾದ್ರೆ ತಗಳಿ ಸ್ವಾಮಿ. ನಾನೇನ್ ಭಿಕ್ಷೆ ಕೇಳಿದ್ನಾ?" ಅಂದಳು. ಅವರಿಗೆ ಅದು ಕೆನ್ನೆಗೆ ಬಾರಿಸಿದ ಹಾಗಾಯಿತು. ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ.

ತಿಂಗಳ ಕೊನೆಗೆ ಅಂಕ 14. ಹತ್ತಿರ ಹತ್ತಿರ ಶುರುವಾದಲ್ಲಿಗೇ. "ಒಳ್ಳೇದು ಮಾಡಿದ್ರೂ ನನ್ ಹಣೆಬರಹ ಇಷ್ಟೇ ಮೇಡಂ" ಅಂದರು. ಖಿನ್ನತೆಯಲ್ಲಿರುವವರಿಗೆ ಇದು ತುಂಬಾ ದುಬಾರಿ ಬೀಳುತ್ತದೆ. ಮೊದಲು ನಾನು ಉಪಯೋಗವಿಲ್ಲದವನು ಅನ್ನುವ ಯೋಚನೆ ಮಾತ್ರ ಇತ್ತು. ಈಗ ಅದಕ್ಕೆ ಕಾಲಂ ಹಾಕಿದ ಸಾಕ್ಷಿಯೂ ಸಿಕ್ಕಿತು!

ಹೆಂಡತಿ ಬಾಯಿಬಿಟ್ಟ ದಿನ

ಆವತ್ತು ಜೊತೆಗೆ ಹೆಂಡತಿಯೂ ಬಂದಿದ್ದರು. ಅಲ್ಲಿವರೆಗೆ ಗಂಡನ ನಿದ್ದೆ, ಊಟದ ಲೆಕ್ಕ ಹೇಳಿ ಸುಮ್ಮನಾಗುತ್ತಿದ್ದವರು. ನಾನು ನೋಟ್‌ಬುಕ್ ತಿರುವಿ ಹಾಕುವುದನ್ನು ನೋಡುತ್ತಿದ್ದರು. ತಟ್ಟನೆ ಕೇಳಿದರು: "ಅದ್ರಲ್ಲಿ ನಮ್ಮತ್ತೆ ಹೆಸ್ರು ಎಲ್ಲಾದ್ರೂ ಐತಾ ನೋಡಿ ಮೇಡಂ."

ಇರಲಿಲ್ಲ. ತಾಯಿಯ ಡಯಾಪರ್ ಬದಲಿಸುವುದು, ಬೆನ್ನು ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವುದು, ಗಂಜಿ ಕುಡಿಸುವುದು, ಎಲ್ಲ ಸೊಸೆಯೇ. ನಾಲ್ಕು ವರ್ಷದಿಂದ. ಬೀದಿ ನಾಯಿಗೆ ಬಿಸ್ಕತ್ತು ಹಾಕಿ ಬಂದ ಗಂಡ ಒಳಗೆ ಬಂದ ಕೂಡಲೇ, "ಟೀ ಇನ್ನೂ ಆಗಿಲ್ವಾ" ಅಂತ ರೇಗಿದ್ದನ್ನು ಅವರು ಅಳದೆ, ದನಿ ಏರಿಸದೆ ಹೇಳಿದರು. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಹಂಗಾಯ್ತು."

ಕಂಡಕ್ಟ್ರು ಎದ್ದು ಹೊರಗೆ ಹೋದರು. ಹೋಗಲಿ ಅಂತ ಬಿಟ್ಟೆ. ಹಿಂದೆ ಓಡಿ ಸಮಾಧಾನ ಮಾಡಿದ್ದರೆ ಆ ಮಾತು ಅಲ್ಲೇ ಕರಗಿಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರೇ ಬಂದು ಕೂತರು. "ಅದು ಕೆಲ್ಸ, ಉಪ್ಕಾರ ಹೆಂಗಾಗುತ್ತೆ?" ಅಂದರು. ಜಗಳಕ್ಕಲ್ಲ, ನಿಜವಾಗಿ ಗೊತ್ತಾಗದೇ ಕೇಳಿದ್ದು. ಒಳ್ಳೆಯ ಪ್ರಶ್ನೆ. ಇಡೀ ಪ್ರಕರಣ ಅದರ ಮೇಲೆ ನಿಂತಿದೆ.

ಹೆಂಡತಿಗೆ ಅದು ಕೆಲಸವೇ. ಬಿಡುವ ಹಾಗಿಲ್ಲ, ಬೇಡ ಅನ್ನುವ ಹಾಗಿಲ್ಲ, ಬೇರೆಯವರು ಮಾಡಲ್ಲ. ಅದೇ ಕೆಲಸವನ್ನು ಗಂಡ ತಾನಾಗಿ ಕೈಗೆತ್ತಿಕೊಂಡರೆ ಅದು ಉಪಕಾರ. ಮನಸ್ಸಿಗೆ ಹಿತ ಕೊಡುವುದು ಆಯ್ಕೆ ಇದ್ದಾಗ. ಈ ವ್ಯತ್ಯಾಸ ತಿಳಿಯದೆ ಮನೆಯಲ್ಲಿ ಈಗಾಗಲೇ ಎಲ್ಲರಿಗೂ ದುಡಿದು ಸವೆದ ಹೆಣ್ಣುಮಗಳಿಗೆ ಹೋಗಿ, ದಿನಕ್ಕೊಂದು ಒಳ್ಳೇದು ಮಾಡಮ್ಮ ಅನ್ನುವುದು ಕ್ರೌರ್ಯ. ಹಾಗೆ ಹೇಳಿ ಕಳಿಸುವ ಶಿಬಿರಗಳನ್ನು ನಾನು ನೋಡಿದ್ದೇನೆ.

ಹೊಸ ಒಪ್ಪಂದ

ಉಪಕಾರದ ಪ್ರಯೋಗವನ್ನೇ ನಿಲ್ಲಿಸಬೇಕೋ, ರೂಪ ಬದಲಿಸಬೇಕೋ ಅನ್ನುವ ತೀರ್ಮಾನ ಮಾಡಬೇಕಿತ್ತು. ಮನೋವೈದ್ಯರಿಗೆ ನಿಲ್ಲಿಸುವ ಕಡೆ ಒಲವಿತ್ತು. ಇನ್ನೊಂದು ಸೋಲು ಇವರಿಗೆ ಬೇಡ ಅನ್ನುವುದು ಅವರ ವಾದ. ನನಗೆ ಆ ಹೂವಿನ ಹೆಂಗಸಿನ ಘಟನೆಯಲ್ಲೇ ಬೇರೆ ಏನೋ ಕಂಡಿತ್ತು. ತಿಂಗಳುಗಳ ಮೇಲೆ ಇವರು ಒಬ್ಬರ ಮುಖ ನೋಡಿ, ಅವರು ಏನಂದರು ಅಂತ ನೆನಪಿಟ್ಟುಕೊಂಡಿದ್ದರು. ನೋವಾದರೂ ಸರಿ, ಗಮನ ತಮ್ಮ ಎದೆಭಾರ ಬಿಟ್ಟು ಇನ್ನೊಬ್ಬರ ಕಡೆ ಹೋಗಿತ್ತು.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಕ್ರೆಗ್ ಮತ್ತು ಜೆನಿಫರ್ ಚೀವೆನ್ಸ್ ಖಿನ್ನತೆ, ಆತಂಕ ಇರುವ 122 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಯೋಚನೆ ಪರೀಕ್ಷಿಸಿ ಬರೆಯುವ ಹಾಳೆ. ಒಂದಕ್ಕೆ ಜನರ ಜೊತೆ ಬೆರೆಯುವ ಕಾರ್ಯಕ್ರಮ. ಇನ್ನೊಂದಕ್ಕೆ ವಾರದಲ್ಲಿ ಎರಡು ದಿನ, ದಿನಕ್ಕೆ ಮೂರು ಉಪಕಾರ. ಮೂರೂ ಗುಂಪಿನ ಬೇಸರ ಕಮ್ಮಿಯಾಯಿತು. ಆದರೆ ನಾನು ಒಂಟಿಯಲ್ಲ, ಜನರ ಜೊತೆ ಇದ್ದೇನೆ ಅನ್ನುವ ಭಾವನೆ ಉಪಕಾರದ ಗುಂಪಿನಲ್ಲಿ ಜಾಸ್ತಿ ಬೆಳೆಯಿತು. ತಮ್ಮ ಬಗ್ಗೆಯೇ ಸುತ್ತುವ ಯೋಚನೆ ತಗ್ಗಿದ್ದು ಅದಕ್ಕೊಂದು ಕಾರಣ ಅನ್ನುವುದು ಅವರ ಲೆಕ್ಕಾಚಾರ. ಹಾಗಂತ ಇದೇನು ಮಂತ್ರದಂಡವಲ್ಲ. 2018ರಲ್ಲಿ ಆಲಿವರ್ ಕರಿ ಮತ್ತು ಸಂಗಡಿಗರು ಇಂಥ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕ ಪರಿಣಾಮ ಸಣ್ಣದರಿಂದ ಮಧ್ಯಮ ಮಟ್ಟದ್ದು.

ಮುಂದುವರಿಸೋಣ ಅಂತಾಯಿತು. ಮಗಳ ಚಾರ್ಟು ಬೇಡ. ನೋಟ್‌ಬುಕ್ ಇರಲಿ, ಅದು ಅವರ ಕೈಗೆ ಒಗ್ಗಿದ್ದು. ಥ್ಯಾಂಕ್ಸ್ ಕಾಲಂ ಹೊಡೆದುಹಾಕಿ, ಆ ಜಾಗದಲ್ಲಿ "ಆ ಮನುಷ್ಯರ ಬಗ್ಗೆ ಹೊಸದಾಗಿ ತಿಳಿದ ಒಂದು ವಿಷಯ" ಅಂತ ಬರೆದೆವು. ಬರೆಯಬೇಕೆಂದರೆ ಮಾತಾಡಿಸಬೇಕು. ಮಾತಾಡಿಸಿದರೆ ಅವರಿಗೆ ಏನು ಬೇಕು, ಏನು ಬೇಡ ಅಂತ ಗೊತ್ತಾಗುತ್ತದೆ. ಪ್ರತಿದಿನ ಬೇಡ, ವಾರಕ್ಕೆ ಎರಡು ದಿನ ಸಾಕು. ಅದರಲ್ಲಿ ಒಂದು ದಿನ ಮನೆಗೇ ಮೀಸಲು.

ಇನ್ನೊಂದು ಷರತ್ತನ್ನು ಹೆಂಡತಿ ಸೇರಿಸಿದರು. ಏನು ಮಾಡಬೇಕು ಅಂತ ಅವರನ್ನೇ ಕೇಳಬೇಕು. ಯಾಕೆಂದರೆ ಕಂಡಕ್ಟ್ರು ಆಗಲೇ, ಒಂದು ಸೀರೆ ತಂದುಕೊಡುತ್ತೇನೆ ಅಂದಿದ್ದರು. "ಸೀರೆ ಬ್ಯಾಡ. ಗುರುವಾರ ಮಧ್ಯಾಹ್ನ ನನ್ನ ಮೂರು ಗಂಟೆ ಬಿಟ್ಬಿಡಿ. ಸಂಘದ ಮೀಟಿಂಗಿಗೆ ಹೋಗ್ಬೇಕು, ಅಕ್ಕನ ಮನೇಲಿ ಒಂದ್ ಲೋಟ ಕಾಫಿ ಕುಡೀಬೇಕು. ಅಷ್ಟೊತ್ತೂ ಅಮ್ಮನ್ನ ನೀವ್ ನೋಡ್ಕಳಿ."

ಗುರುವಾರಗಳು

ಮೊದಲ ಗುರುವಾರ ತಾಯಿ ಗಂಜಿ ಉಗಿದರು. ಮಗನನ್ನು ತಮ್ಮ ಸತ್ತುಹೋದ ಅಣ್ಣ ಅಂದುಕೊಂಡು ಬೈದರು. ಮಗ್ಗುಲು ಹೊರಳಿಸುವುದು ಹೇಗೆ ಅಂತ ಹೆಂಡತಿ ಹಿಂದಿನ ದಿನವೇ ತೋರಿಸಿದ್ದರು. ಆದರೂ ಕೈ ನಡುಗಿತು. "ನೂರು ಜನ ನಿಂತಿರೋ ಬಸ್ ಮ್ಯಾನೇಜ್ ಮಾಡ್ಬೋದು, ಇದಾಗಲ್ಲ ಮೇಡಂ" ಅಂದರು. ಬಿಡುತ್ತೀರಾ ಅಂದೆ. ಇಲ್ಲ ಅಂದರು.

ನೋಟ್‌ಬುಕ್ಕಿನ ಹೊಸ ಕಾಲಂ ಇಲ್ಲೇ ಕೆಲಸ ಮಾಡಿತು. ಒಂದು ಗುರುವಾರ ಬರೆದಿದ್ದರು: "ಅಮ್ಮನಿಗೆ ತಲೆ ಬಾಚಿದರೆ ನಿದ್ದೆ ಬರುತ್ತದೆ." ಇನ್ನೊಂದು ಸಲ: "ಅಮ್ಮ ಚಿಕ್ಕವಳಿದ್ದಾಗ ಸಂತೆಗೆ ನಡೆದುಕೊಂಡೇ ಹೋಗುತ್ತಿದ್ದಳಂತೆ. ಆಗ ಆ ರೂಟಿಗೆ ಬಸ್ ಇರಲಿಲ್ಲ." ಆ ರೂಟಿನಲ್ಲಿ ಇವರು ವರ್ಷಗಟ್ಟಲೆ ಟಿಕೆಟ್ ಹರಿದಿದ್ದರು.

ಹೆಂಡತಿಯ ಮೇಲೆ ರೇಗುವುದು ನಿಂತಿತು ಅಂತ ನಾನು ಬರೆಯಲಾರೆ. ಕಮ್ಮಿಯಾಯಿತು. ಉಪ್ಪು ಕಮ್ಮಿಯಾದರೆ ಎದ್ದು ತಾವೇ ಹಾಕಿಕೊಳ್ಳುವಷ್ಟು.

ಆಸ್ಪತ್ರೆಯ ಕಾರಿಡಾರು

ಹೊರಗಿನ ದಿನಕ್ಕೆ ಏನು ಮಾಡುವುದು ಅನ್ನುವುದು ಸುಲಭವಾಗಿ ಬಗೆಹರಿಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಓದು ಬಾರದವರಿಗೆ ಬೋರ್ಡು ಓದಿ ಹೇಳಬಹುದಲ್ಲ ಅಂದೆ. ಮುಖ ಸಪ್ಪಗಾಯಿತು. ಯೂನಿಫಾರಂ ಇಲ್ಲದೆ ಅಲ್ಲಿ ನಿಲ್ಲುವುದು ಆಗಲ್ಲ ಅಂದರು. ಒತ್ತಾಯ ಮಾಡಲಿಲ್ಲ.

ದಾರಿ ಸಿಕ್ಕಿದ್ದು ಆಸ್ಪತ್ರೆಯಲ್ಲೇ. ಒಂದು ಮಂಗಳವಾರ ತಮ್ಮ ಸರದಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಅಜ್ಜಿ ಚೀಟಿ ಮಡಚಿ ಎದ್ದರು. ಡಾಕ್ಟರು ನೋಡಿ ಆಗಿತ್ತು, ಮಾತ್ರೆ ತೆಗೆದುಕೊಂಡಿರಲಿಲ್ಲ. ಔಷಧಿ ಕೌಂಟರ್ ಮುಂದೆ ದೊಡ್ಡ ಕ್ಯೂ. ಒಂದೂವರೆ ಬಸ್ಸು ತಪ್ಪಿದರೆ ಸಂಜೆವರೆಗೆ ಬಸ್ಸಿಲ್ಲ ಅಂತ ಅಜ್ಜಿಯ ಗಾಬರಿ. ಕಂಡಕ್ಟ್ರು ಯಾವ ಊರು ಅಂತ ಕೇಳಿದರು. ಹೇಳಿದ ತಕ್ಷಣ ಬಾಯಿಂದ ತಾನಾಗಿ ಬಂತು: "ಒಂದೂವರೆದು ಬಿಡಿ. ಎರಡು ಹತ್ತಕ್ಕೆ ಇನ್ನೊಂದೈತೆ, ಬೇರೆ ಬೋರ್ಡು ಹಾಕ್ಕೊಂಡು ಬರುತ್ತೆ. ನಿಮ್ಮೂರ ಗೇಟ್‌ನಲ್ಲಿ ಇಳಿಸ್ತಾನೆ. ಕೂತ್ಕೊಳಿ, ಮಾತ್ರೆ ತಗಂಡೇ ಹೋಗಿ."

ಆಮೇಲೆ ನನ್ನ ಕೋಣೆಗೆ ಬಂದವರು ತಮ್ಮ ನಿದ್ದೆಯ ಸುದ್ದಿ ಹೇಳಲೇ ಇಲ್ಲ. ಅಜ್ಜಿಯ ಮೊಮ್ಮಗನ ಮೂರ್ಛೆರೋಗದ ಬಗ್ಗೆ, ಆ ಮಾತ್ರೆ ಮಧ್ಯೆ ಬಿಟ್ಟರೆ ಏನಾಗುತ್ತದೆ ಅನ್ನುವುದರ ಬಗ್ಗೆ ಕೇಳಿದರು. ಮಾತ್ರೆ ಯಾಕೆ ತಪ್ಪಿಸುತ್ತಾರೆ ಅಂತ ನಾವು ಮೀಟಿಂಗ್ ಮೇಲೆ ಮೀಟಿಂಗ್ ಮಾಡುತ್ತೇವೆ. ಅರಿವಿನ ಕೊರತೆ ಅಂತ ಬರೆದು ಮುಗಿಸುತ್ತೇವೆ. ಬಸ್ಸಿನ ಟೈಮು ಅಂತ ಯಾರೂ ಬರೆದಿರಲಿಲ್ಲ!

ಮುಂದಿನ ವಾರದಿಂದ ಅವರು ಮಂಗಳವಾರ ಬೆಳಗ್ಗೆ ಬಂದು ಕೂರತೊಡಗಿದರು. ರಟ್ಟಿನ ಮೇಲೆ ಹಳ್ಳಿ, ಬಸ್ಸಿನ ವೇಳೆ ಬರೆದು ತಂದರು. ಚೀಟಿ ಮಾಡಿಸಲು ಗೊತ್ತಾಗದವರಿಗೆ ಕೌಂಟರ್ ತೋರಿಸಿದರು. ನರ್ಸ್ ಒಬ್ಬರು, ಬೇಗ ಬಸ್ಸಿರುವವರು ಯಾರು ಅಂತ ಇವರನ್ನು ಕೇಳಿ ಟೋಕನ್ ಹಿಂದೆ ಮುಂದೆ ಮಾಡತೊಡಗಿದರು.

ಇಲ್ಲಿ ನಾವು ಒಂದು ವಿಷಯದಲ್ಲಿ ಬಿಗಿಯಾಗಬೇಕಾಯಿತು. ಕಂಡಕ್ಟ್ರು ಇಡೀ ತಾಲ್ಲೂಕಿಗೆ ಗೊತ್ತಿರುವ ಮುಖ. ಮಾನಸಿಕ ಚಿಕಿತ್ಸೆಗೆ ಬಂದ ಒಬ್ಬ ಯುವತಿ ಇವರನ್ನು ದೂರದಿಂದಲೇ ನೋಡಿ ಸೆರಗು ಮುಚ್ಚಿಕೊಂಡು ವಾಪಸು ಹೋದಳು. ಅವಳ ಊರಿನ ಬಸ್ಸಿನಲ್ಲಿ ಇವರು ವರ್ಷಗಟ್ಟಲೆ ಓಡಾಡಿದ್ದರು. ಅವಳ ಗುಟ್ಟು ಕಾಯುವುದು ಇವರ ಉತ್ಸಾಹಕ್ಕಿಂತ ದೊಡ್ಡದು. ಮರುವಾರವೇ ಅವರನ್ನು ನಮ್ಮ ಕ್ಲಿನಿಕ್ಕಿನಿಂದ ದೂರ, ಮುಂಭಾಗಿಲ ಬಳಿಯ ಚೀಟಿ ಕೌಂಟರ್ ಹತ್ತಿರ ಕೂರಿಸಿದೆವು. ಯಾವ ಕಾಯಿಲೆ ಅಂತ ಕೇಳಬಾರದು, ಊರು ಮಾತ್ರ ಕೇಳಬೇಕು ಅಂತ ಹೇಳಿದೆವು. ಸ್ವಲ್ಪ ಮುನಿಸಿಕೊಂಡರು. ಯುವತಿ ಬಗ್ಗೆ ವಿವರ ಹೇಳದೆ, ಒಬ್ಬರಿಗೆ ತೊಂದರೆಯಾಯಿತು ಅಂದಾಗ ಸುಮ್ಮನೆ ಕುರ್ಚಿ ಎತ್ತಿಕೊಂಡು ಹೋದರು. ಅವಳನ್ನು ಆಶಾ ಕಾರ್ಯಕರ್ತೆಯ ಮೂಲಕ ಮತ್ತೆ ಕರೆಸಿಕೊಂಡೆವು.

ಎಂಟು ಸಾವಿರ

ಎಲ್ಲ ಸರಿಹೋಯಿತು ಅನ್ನುವ ಹೊತ್ತಿಗೆ ಒಂದು ಪೆಟ್ಟು ಬಿತ್ತು. ಹೆಂಡತಿಗೆ ತುರ್ತು ಸ್ಕ್ಯಾನಿಂಗ್ ಆಗಬೇಕು ಅಂತ ಗೋಳಾಡಿದ ಒಬ್ಬನಿಗೆ ಎಂಟು ಸಾವಿರ ಕೊಟ್ಟುಬಿಟ್ಟರು. ಪಿಂಚಣಿ ದುಡ್ಡು, ಮನೆಯಲ್ಲಿ ಹೇಳಿರಲಿಲ್ಲ. ಅವನು ಮತ್ತೆ ಕಾಣಲಿಲ್ಲ, ಫೋನ್ ಸ್ವಿಚ್ ಆಫ್. ಎರಡು ಮಂಗಳವಾರ ಕಂಡಕ್ಟ್ರೂ ಕಾಣಲಿಲ್ಲ. ಗುರುವಾರದ ಪಾಳಿ ಮಾತ್ರ ಬಿಟ್ಟಿರಲಿಲ್ಲ ಅಂತ ಹೆಂಡತಿ ಫೋನಿನಲ್ಲಿ ಹೇಳಿದರು. ಅದನ್ನು ಕೇಳಿ ನನಗೆ ಧೈರ್ಯ ಬಂತು.

ಬಂದಾಗ ಹಳೇ ಮಾತೇ. ಒಳ್ಳೇತನಕ್ಕೆ ಕಾಲ ಇಲ್ಲ, ನಾನೊಬ್ಬ ಪೆದ್ದ. ಈ ಸಲ ಮಾತು ಬೇರೆ ಕಡೆ ತಿರುಗಿಸಿದೆವು. ಸರ್ವೀಸಿನಲ್ಲಿ ದುಡ್ಡಿಲ್ಲ ಅಂತ ಹತ್ತಿದವರನ್ನು ಏನು ಮಾಡುತ್ತಿದ್ದಿರಿ? "ಕೆಲವ್ರನ್ನ ಇಳಿಸ್ತಿದ್ದೆ, ಕೆಲವ್ರಿಗೆ ನಾನೇ ಟಿಕೆಟ್ ಹಾಕ್ತಿದ್ದೆ." ಹೇಗೆ ಗೊತ್ತಾಗುತ್ತಿತ್ತು? "ನೋಡಿದ್ರೆ ಗೊತ್ತಾಗೋದು. ಎಷ್ಟೋ ಸಲ ಮೋಸನೂ ಹೋಗಿದೀನಿ." ಆಗ ಪೆದ್ದ ಅನ್ನಿಸುತ್ತಿತ್ತಾ? ತುಸು ಹೊತ್ತು ಸುಮ್ಮನಿದ್ದರು. "ಆಗ ಹತ್ತು ರೂಪಾಯಿ ಮೇಡಂ, ಇದು ಎಂಟ್ ಸಾವ್ರ" ಅಂದರು. ನಗು ಬಂತು, ಅವರಿಗೂ.

ಅವರು ಹೇಳಿದ್ದು ಸರಿಯೇ. ದೊಡ್ಡ ಮೊತ್ತ ಕೊಟ್ಟರೆ ದೊಡ್ಡ ಸಂತೋಷ ಅಂತೇನೂ ಇಲ್ಲ. 2008ರಲ್ಲಿ ಮನೋವಿಜ್ಞಾನಿ ಎಲಿಜಬೆತ್ ಡನ್ ಮತ್ತು ಜೊತೆಗಾರರು ಜನರ ಕೈಗೆ 5 ಇಲ್ಲವೇ 20 ಡಾಲರ್ ಕೊಟ್ಟು ಒಂದು ಪ್ರಯೋಗ ಮಾಡಿದ್ದರು. ಬೇರೆಯವರಿಗಾಗಿ ಖರ್ಚು ಮಾಡಿದವರು ಸಂಜೆಗೆ ಹೆಚ್ಚು ಖುಷಿಯಾಗಿದ್ದರು. ಐದಾದರೂ ಇಪ್ಪತ್ತಾದರೂ ವ್ಯತ್ಯಾಸ ಬರಲಿಲ್ಲ. ಕೊನೆಗೆ ಗಂಡ ಹೆಂಡತಿ ಇಬ್ಬರೂ ಕೂತು ತೀರ್ಮಾನ ಮಾಡಿದರು. ತಿಂಗಳಿಗೆ ಐನೂರು, ಅದಕ್ಕಿಂತ ಮೇಲೆ ಯಾರಿಗೂ ಇಲ್ಲ. ಇಲ್ಲ ಅನ್ನುವುದನ್ನೂ ಅಭ್ಯಾಸ ಮಾಡಿಸಿದೆವು. ನಾನು ಸಾಲ ಕೇಳುವವಳಾಗಿ ಗೋಳಾಡುವುದು, ಅವರು "ಆಗಲ್ಲಮ್ಮ, ಬೇರೆ ಏನಾದ್ರೂ ಇದ್ರೆ ಹೇಳು" ಅನ್ನುವುದು. ಚಿಲ್ಲರೆ ಜಗಳದಲ್ಲಿ ಪಳಗಿದ ಮನುಷ್ಯ, ಬೇಗ ಕಲಿತರು.

ಎಲ್ಲಿಗೆ ಬಂದು ನಿಂತಿದೆ

ಮೊದಲು ಬಂದ ಏಳು ತಿಂಗಳಿಗೆ ಅಂಕ 6. ಮಾತ್ರೆ ಮುಂದುವರಿದಿದೆ, ಯಾವಾಗ ಕಮ್ಮಿ ಮಾಡಬೇಕು ಅಂತ ಮನೋವೈದ್ಯರು ನೋಡುತ್ತಾರೆ. ಎಚ್ಚರ ಈಗಲೂ ಬೆಳಗಿನ ಜಾವವೇ. ಆದರೆ ಎದ್ದು ತಾಯಿಗೆ ಮಗ್ಗುಲು ಹೊರಳಿಸಿ ಬರುತ್ತಾರೆ, ಹೆಂಡತಿ ಆರರವರೆಗೂ ಮಲಗಿರುತ್ತಾರೆ. ಮಗನ ಜೊತೆ ಮಾತುಕತೆ ಹಾಗೇ ಇದೆ. ಅದನ್ನು ಇನ್ನೂ ಮುಟ್ಟಿಲ್ಲ.

ನೋಟ್‌ಬುಕ್ ಬರೆಯುವುದನ್ನು ಅವರಾಗಿಯೇ ನಿಲ್ಲಿಸಿದರು. ಬರೆಯಿರಿ ಅಂತ ನಾವು ಹೇಳಲೂ ಇಲ್ಲ. ಲೆಕ್ಕ ಇಡದಿದ್ದರೂ ಕೆಲಸ ನಡೆಯುತ್ತಿದೆ ಅನ್ನುವುದನ್ನು ನಾನು ಅಂಕಕ್ಕಿಂತ ಒಳ್ಳೆಯ ಗುರುತು ಅಂತ ಭಾವಿಸುತ್ತೇನೆ. ಬಸ್‌ಸ್ಟ್ಯಾಂಡಿಗೂ ಹೋಗಿ ಬಂದರಂತೆ. ಬಸ್ಸಿನ ವೇಳೆ ಬದಲಾಗಿದೆಯಾ ಅಂತ ಕಂಟ್ರೋಲರ್ ಹತ್ತಿರ ಕೇಳುವುದಕ್ಕೆ. ನನ್ನ ಸಲಹೆಗೆ ಆಗಲ್ಲ ಅಂದಿದ್ದವರನ್ನು ಅಜ್ಜಿಯರ ಅವಸರ ಕರೆದುಕೊಂಡು ಹೋಯಿತು.

ಇಂಥ ಪ್ರಯೋಗ ಮಾಡಲು ಹೊರಟವರಿಗೆ ನಾನು ಮೊದಲು ಕೇಳುವುದು, ಈ ಮನುಷ್ಯನಿಗೆ ಏನು ಚೆನ್ನಾಗಿ ಗೊತ್ತು ಅಂತ. ಬಿಸ್ಕತ್ತು ಯಾರು ಬೇಕಾದರೂ ಹಾಕಬಹುದು. ಎರಡು ಹತ್ತರ ಬಸ್ಸಿನ ವಿಷಯ ಇವರೊಬ್ಬರಿಗೇ ಗೊತ್ತಿತ್ತು. ಆಮೇಲೆ ಕೇಳುವುದು, ಉಪಕಾರ ಪಡೆಯುವವರು ಬೇಡ ಅನ್ನಬಹುದಾ ಅಂತ. ಹೂವಿನ ಹೆಂಗಸಿಗೆ ಬೇಡ ಅನ್ನುವ ಗಟ್ಟಿತನ ಇತ್ತು, ಎಲ್ಲರಿಗೂ ಇರುವುದಿಲ್ಲ. ಇನ್ನು ಮುಜುಗರದ ಮಾತು. ಇದೆಲ್ಲ ಯಾರಿಗೆ ಬೇಕು, ಸಣ್ಣದಾಯಿತು ಅಂತ ತುಂಬಾ ಜನ ಹಿಂಜರಿಯುತ್ತಾರೆ. ಶಿಕಾಗೋದ ಐಸ್ ಸ್ಕೇಟಿಂಗ್ ಮೈದಾನದಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅನ್ನುವ ಸಂಶೋಧಕರು ಜನರ ಕೈಯಿಂದ ಅಪರಿಚಿತರಿಗೆ ಬಿಸಿ ಚಾಕಲೇಟ್ ಕೊಡಿಸಿ ನೋಡಿದ್ದರು. ಕೊಟ್ಟವರು ಊಹಿಸಿದ್ದಕ್ಕಿಂತ ಪಡೆದವರ ಖುಷಿ ದೊಡ್ಡದಿತ್ತು. ಕಂಡಕ್ಟ್ರ ರಟ್ಟಿನ ಬೋರ್ಡಿಗೂ ಹಾಗೇ ಆಯಿತು. ಇದೇನ್ ಮಹಾ ಅಂತಲೇ ತಂದಿದ್ದರು.

ಕೊನೆಯದಾಗಿ ಹೆಂಡತಿಯ ವಿಷಯ. ನಾಲ್ಕು ವರ್ಷದ ಆರೈಕೆ ಅವರ ಸೊಂಟದಲ್ಲೂ ಮನಸ್ಸಿನಲ್ಲೂ ಕೂತಿತ್ತು. ಗಂಡನ ಫೈಲಿನಲ್ಲಿ ಅವರು ಮಾಹಿತಿ ಕೊಡುವವರು ಮಾತ್ರ ಆಗಿದ್ದರು. ಈಗ ಅವರದ್ದೇ ಫೈಲು ತೆರೆದಿದ್ದೇವೆ. ಅವರಿಗೆ ಉಪಕಾರದ ಕಾರ್ಯಕ್ರಮ ಕೊಟ್ಟಿಲ್ಲ. ವಾರಕ್ಕೆ ಒಂದು ಹೊತ್ತು ಇನ್ನೊಬ್ಬರು ಮಾಡಿದ ಅಡುಗೆ ಊಟ ಮಾಡಬೇಕು ಅನ್ನುವುದು ಅವರ ಮೊದಲ ಕೆಲಸ. ಅಡುಗೆ ಮಾಡುವವರು ಕಂಡಕ್ಟ್ರು, ಸದ್ಯಕ್ಕೆ ಚಿತ್ರಾನ್ನ ಒಂದೇ ಬರುತ್ತದೆ.